ಆರನೇ ತಿಂಗಳು ನಡೀತಿದೆ, ಫ್ಲೂ ಮತ್ತು ಟಿಡ್ಯಾಪ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಕಾ, ಬೇಡ್ವಾ?

ತುಂಗೆಯ ಮಗಳು

ಎಲ್ಲರಿಗೂ ನಮಸ್ಕಾರ. ನನಗಿದು ಮೊದಲ ಬಸಿರು. ಈಗ 24 ವಾರ. ಕೆಲಸ ಬೆಂಗಳೂರಿನಲ್ಲಿ, ಹೆರಿಗೆಗೆ ತವರಿಗೆ, ತೀರ್ಥಹಳ್ಳಿ ಕಡೆ ಹೋಗುತ್ತೇನೆ.

ತಾಯಿ ಕಾರ್ಡ್ ಮಾಡಿಸಿದಾಗ ನಮ್ಮ ಏರಿಯಾದ ಆರೋಗ್ಯ ಕೇಂದ್ರದಲ್ಲಿ ಟಿಡಿ ಹಾಕಿದರು, ತಿಂಗಳು ಬಿಟ್ಟು ಎರಡನೆಯದೂ ಆಯಿತು. ಅಲ್ಲಿನ ಸಿಸ್ಟರ್ "ಇಷ್ಟೇ ಸಾಕಮ್ಮ, ಇನ್ನೇನೂ ಬೇಡ" ಅಂದರು. ನಾನು ಚೆಕಪ್ ಮಾಡಿಸುವ ಪ್ರೈವೇಟ್ ಡಾಕ್ಟರ್ ಫ್ಲೂ ಇಂಜೆಕ್ಷನ್ ಈಗಲೇ ಹಾಕಿಸಿಕೊಳ್ಳಿ, 28 ವಾರ ತುಂಬಿದ ಮೇಲೆ ಟಿಡ್ಯಾಪ್ ಅಂತ ಬರೆದುಕೊಟ್ಟಿದ್ದಾರೆ. ಯಾಕೆ ಅಂತ ಕೇಳಿದೆ. "ಎಲ್ಲರಿಗೂ ಕೊಡ್ತೀವಿ" ಅಂತಷ್ಟೇ ಹೇಳಿ ಮುಂದಿನ ಪೇಷಂಟನ್ನು ಕರೆದರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಮ್ಮ "ಡಾಕ್ಟರ್ ಹೇಳಿದ ಮೇಲೆ ಮುಗೀತು" ಅನ್ನುತ್ತಾರೆ. ಅತ್ತೆ ಬೇಡವೇ ಬೇಡ ಅನ್ನುತ್ತಾರೆ. ನನ್ನ ವಾರಗಿತ್ತಿಗೆ ಇಂಜೆಕ್ಷನ್ ಆದ ವಾರದಲ್ಲೇ ಗರ್ಭ ಹೋಗಿತ್ತು. ಆ ನೋವು ಮನೆಯಲ್ಲಿ ಇನ್ನೂ ಹಾಗೇ ಇದೆ, ಅತ್ತೆಯ ಭಯವನ್ನು ಸುಮ್ನೆ ತಳ್ಳಿಹಾಕೋಕೆ ನನಗೆ ಆಗಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಒಂದು ವಿಡಿಯೋ ಬಂದಿದೆ, ಫ್ಲೂ ಇಂಜೆಕ್ಷನ್‌ನಿಂದ ಗರ್ಭಪಾತ ಆಗುತ್ತೆ ಅಂತ ಅಮೆರಿಕದಲ್ಲೇ ಸಾಬೀತಾಗಿದೆ ಅನ್ನುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಡಬ್ಬದೊಳಗಿನ ಚೀಟಿ ಓದಿದೆ. ಬಸುರಿಯರಲ್ಲಿ ಸಾಕಷ್ಟು ಪರೀಕ್ಷೆ ಆಗಿಲ್ಲ, ಅಗತ್ಯ ಇದ್ದರೆ ಮಾತ್ರ ಕೊಡಿ ಅನ್ನೋ ಥರ ಬರೆದಿದೆ.

ಯಾರನ್ನು ನಂಬಲಿ? "ನಾನು ಹಾಕಿಸ್ಕೊಂಡೆ, ಏನೂ ಆಗಿಲ್ಲ" ಅನ್ನೋ ಉತ್ತರ ಮಾತ್ರ ಸಾಕಾಗಲ್ಲ. ಕಾರಣ ತಿಳಿಯಬೇಕು.

ಹುಬ್ಬಳ್ಳಿ ಅಕ್ಕ

ತಂಗೀ, ಮೊದಲು ಆರಾಮಾಗಿರು. ನಾನು ಎರಡನೇ ಮಗು ಹೊತ್ತಾಗ ಎರಡೂ ಹಾಕಿಸಿಕೊಂಡೆ. ಟಿಡ್ಯಾಪ್ ಆದ ರಾತ್ರಿ ತೋಳು ಎತ್ತೋಕೆ ಆಗಲಿಲ್ಲ, ಮರುದಿನ ಸರಿಹೋಯಿತು. ನೀನು ಕೇಳಿದ್ದು ಇದಲ್ಲ ಅಂತ ಗೊತ್ತು. ಕಾರಣ ತಿಳಿದವರು ಇಲ್ಲಿ ಇದ್ದಾರೆ, ಬರೆಯುತ್ತಾರೆ.

ಪಿಎಚ್‌ಸಿ ಸಿಸ್ಟರ್, ಕೊಪ್ಪಳ ಜಿಲ್ಲೆ

ನಾನು ಆರೋಗ್ಯ ಕೇಂದ್ರದಲ್ಲೇ ಲಸಿಕೆ ಹಾಕುವವಳು. ನಿಮಗೆ "ಇಷ್ಟೇ ಸಾಕು" ಅಂದ ಸಿಸ್ಟರ್ ಯಾಕೆ ಹಾಗೆ ಹೇಳಿದರು ಅಂತ ನನಗೆ ಅರ್ಥ ಆಗುತ್ತದೆ. ಸರ್ಕಾರದ ಪಟ್ಟಿಯಲ್ಲಿ ಬಸುರಿಯರಿಗೆ ಇರುವುದು ಟಿಡಿ. ಧನುರ್ವಾಯು ಮತ್ತು ಗಂಟಲುಮಾರಿ ಎರಡಕ್ಕೂ ಅದು. ಮೊದಲು ಟಿಟಿ ಅಂತಿತ್ತಲ್ಲ, ಅದರ ಜಾಗಕ್ಕೆ ಈಗ ಇದು ಬಂದಿದೆ. ಬಸಿರು ಗೊತ್ತಾದ ಕೂಡಲೇ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ಹಿಂದಿನ ಬಸಿರಲ್ಲಿ ಎರಡೂ ಆಗಿ ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಒಂದು ಬೂಸ್ಟರ್ ಸಾಕು. ನಮ್ಮ ಫ್ರಿಜ್ಜಿನಲ್ಲಿ ಬಸುರಿಯರಿಗೆ ಅಂತ ಇರುವುದೂ ಅದೇ. ಟಿಡ್ಯಾಪ್ ನಮಗೆ ಸಪ್ಲೈ ಇಲ್ಲ. ಹಾಗಾಗಿ ಕೇಳಿದವರಿಗೆ ಇಷ್ಟೇ ಅಂತ ಹೇಳಿಬಿಡುತ್ತೇವೆ.

ಟಿಡ್ಯಾಪ್‌ನಲ್ಲಿ ಟಿಡಿಯ ಎರಡರ ಜೊತೆ ನಾಯಿಕೆಮ್ಮಿನದೂ ಸೇರಿರುತ್ತದೆ. ಪ್ರೈವೇಟ್‌ನಲ್ಲಿ ಬೂಸ್ಟ್ರಿಕ್ಸ್, ಅಡಾಸೆಲ್ ಅಂತ ಸಿಗುತ್ತದೆ. ಒಂದು ಡೋಸಿಗೆ ಸಾವಿರ ರೂಪಾಯಿಗಿಂತ ಜಾಸ್ತಿ. ಸರ್ಕಾರದ ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಅದು ಅಪಾಯ ಅಂತ ತಿಳಿಯಬೇಡಿ. ಪಟ್ಟಿ ಮಾಡುವಾಗ ಇಡೀ ದೇಶದ ಖರ್ಚು, ಸಪ್ಲೈ ಎಲ್ಲ ನೋಡಬೇಕಾಗುತ್ತದೆ.

ಕೇಳಿ ತಿಳಿ

ಪಟ್ಟಿಯಲ್ಲಿ ಇಲ್ಲದ್ದನ್ನು ಪ್ರೈವೇಟ್‌ನವರು ದುಡ್ಡಿಗಾಗಿ ಬರೆಯುತ್ತಾರೆ ಅನ್ನೋ ಅನುಮಾನ ಬರೋದು ಸಹಜ ಅಲ್ವಾ? ನಾನು ಲಸಿಕೆಯ ವಿರೋಧಿ ಅಲ್ಲ. ನನ್ನ ಮಕ್ಕಳಿಗೆ ಎಲ್ಲ ಹಾಕಿಸಿದ್ದೇನೆ. ಆದರೆ ಮೂರು ಪ್ರಶ್ನೆ ಇವೆ.

ಆ ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. 2017ರಲ್ಲಿ ಅಮೆರಿಕದಲ್ಲಿ ಫ್ಲೂ ಲಸಿಕೆ ಮತ್ತು ಗರ್ಭಪಾತದ ಬಗ್ಗೆ ಒಂದು ಅಧ್ಯಯನ ನಿಜವಾಗಿಯೂ ಬಂದಿತ್ತು. ಎರಡನೆಯದು, 2021ರ ಜನವರಿಯಲ್ಲಿ ಕೊರೊನಾ ಲಸಿಕೆ ಬಸುರಿಯರಿಗೆ ಬೇಡ ಅಂದರು, ಆರು ತಿಂಗಳಲ್ಲಿ ಹಾಕಿಸಿಕೊಳ್ಳಿ ಅಂದರು. ಯಾವುದನ್ನು ನಂಬೋದು? ಮೂರನೆಯದು, ಸರ್ಕಾರಿ ಟಿಡಿ ಬಾಟಲಿಯಲ್ಲಿ ಪಾದರಸದ ಅಂಶ ಇರುತ್ತದಂತೆ. ನಿಜವಾ?

ನಿರ್ವಾಹಕಿ

ವಿಡಿಯೋದ ಲಿಂಕ್ ತೆಗೆದಿದ್ದೇನೆ. ಅದರಲ್ಲಿ ಹೇಳಿರುವ ವಿಷಯ ಚರ್ಚಿಸಿ, ಪ್ರಶ್ನೆ ಎಷ್ಟು ಬೇಕಾದರೂ ಕೇಳಿ. ಯಾರ ಮನೆಯಲ್ಲಿ ಗರ್ಭ ಹೋಗಿದ್ದರೂ ಆ ಹೆಣ್ಣುಮಕ್ಕಳ ಬಗ್ಗೆ ಊಹೆ ಮಾಡಿ ಬರೆಯಬೇಡಿ.

ಹೆರಿಗೆ ಡಾಕ್ಟರ್, ಮೈಸೂರು

ನಾನು ಪ್ರಸೂತಿ ವೈದ್ಯೆ. ತುಂಗೆಯ ಮಗಳೇ, "ಎಲ್ಲರಿಗೂ ಕೊಡ್ತೀವಿ" ಅನ್ನೋದು ಉತ್ತರ ಅಲ್ಲ. ನಮ್ಮ ಓಪಿಡಿಗಳಲ್ಲಿ ಹೇಳಬೇಕಾದ್ದನ್ನು ಹೇಳದೆ ಬಿಡುವುದರಿಂದಲೇ ಆ ಜಾಗವನ್ನು ವಿಡಿಯೋಗಳು ತುಂಬುತ್ತವೆ. ಸಮಯ ಮಾಡಿಕೊಂಡು ಬರೆಯುತ್ತಿದ್ದೇನೆ.

ಮೊದಲು 2017ರ ಅಧ್ಯಯನ. ಅದು ಇರುವುದು ನಿಜ. 2010-11 ಮತ್ತು 2011-12ರ ಫ್ಲೂ ಸೀಸನ್ನಿನ ಲೆಕ್ಕ ಅದು. ಗರ್ಭ ಹೋದ ಸುಮಾರು 480 ಹೆಂಗಸರನ್ನು, ಗರ್ಭ ಉಳಿದ ಅಷ್ಟೇ ಜನರ ಜೊತೆ ಹೋಲಿಸಿದ್ದರು. ಹಿಂದಿನ ವರ್ಷವೂ ಎಚ್1ಎನ್1 (ಹಂದಿಜ್ವರದ ವೈರಸ್) ಅಂಶ ಇರುವ ಫ್ಲೂ ಲಸಿಕೆ ಪಡೆದು, ಈ ವರ್ಷ ಮತ್ತೆ ಪಡೆದವರಲ್ಲಿ 28 ದಿನದೊಳಗೆ ಗರ್ಭಪಾತ ಜಾಸ್ತಿ ಕಂಡಿತು. ಲಸಿಕೆಯೇ ಕಾರಣ ಅಂತ ಇದರಿಂದ ಹೇಳಲಾಗದು ಅಂತ ಬರೆದವರೇ ಹೇಳಿದ್ದರು. ಆ ಉಪಗುಂಪಿನಲ್ಲಿ ಇದ್ದವರು ತೀರಾ ಕಮ್ಮಿ. ಆಮೇಲೆ ಏನಾಯಿತು ಅನ್ನೋದನ್ನು ಆ ವಿಡಿಯೋ ಹೇಳಲ್ಲ. ಅದೇ ತಂಡ ಮುಂದಿನ ಮೂರು ಸೀಸನ್ನಿನ ಮಾಹಿತಿ ತೆಗೆದುಕೊಂಡು, ಇನ್ನೂ ದೊಡ್ಡದಾಗಿ, ಇದೇ ಪ್ರಶ್ನೆಗೆ ಉತ್ತರ ಹುಡುಕಿತು. 2019ರಲ್ಲಿ ಪ್ರಕಟವಾಯಿತು. ಸಂಬಂಧ ಕಾಣಲಿಲ್ಲ. ಒಂದು ಅನುಮಾನ ಬಂತು, ಮುಚ್ಚಿಡದೆ ಪ್ರಕಟಿಸಿದರು, ಮತ್ತೆ ಪರೀಕ್ಷಿಸಿದರು, ಆ ಅನುಮಾನ ನಿಜವಾಗಲಿಲ್ಲ. ಅರ್ಧ ಕತೆ ಹೇಳುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ವಾರಗಿತ್ತಿಯ ವಿಷಯ. ನನಗೆ ಅವರ ಕೇಸು ಗೊತ್ತಿಲ್ಲ, ಅದರ ಬಗ್ಗೆ ಮಾತಾಡಲ್ಲ. ಆದರೆ ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ 10ರಿಂದ 15 ಮೊದಲ ತಿಂಗಳುಗಳಲ್ಲೇ ಹೋಗುತ್ತವೆ. ಲಸಿಕೆ ಹಾಕಿಸಿದರೂ, ಹಾಕಿಸದಿದ್ದರೂ. ಇದರಲ್ಲಿ ಹೆಚ್ಚಿನವು ಭ್ರೂಣದ ಕ್ರೋಮೋಸೋಮಿನ ದೋಷದಿಂದ. ಟಿಡಿ ಮೊದಲ ಡೋಸ್ ಕೊಡುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ಹಾಗಾಗಿ ಇಂಜೆಕ್ಷನ್ ಆದ ವಾರದಲ್ಲೇ ಗರ್ಭ ಹೋದ ಮನೆ ಪ್ರತಿ ಊರಲ್ಲೂ ಸಿಗುತ್ತದೆ. ಒಂದು ಮನೆಯನ್ನು ನೋಡಿ ಇದು ಕಾಕತಾಳೀಯವೋ ಅಲ್ಲವೋ ಅಂತ ಹೇಳೋಕೆ ಆಗಲ್ಲ. ಅದಕ್ಕೇ ಹಾಕಿಸಿಕೊಂಡ ಸಾವಿರಾರು ಜನರನ್ನು, ಹಾಕಿಸಿಕೊಳ್ಳದ ಸಾವಿರಾರು ಜನರ ಜೊತೆ ಇಟ್ಟು ನೋಡುವುದು. ಹಾಗೆ ನೋಡಿದಾಗ ಫ್ಲೂ ಲಸಿಕೆ, ಟಿಡಿ, ಟಿಡ್ಯಾಪ್ ಯಾವುದರಿಂದಲೂ ಗರ್ಭಪಾತ ಹೆಚ್ಚಾಗಿದ್ದು ಕಂಡಿಲ್ಲ. ನಿಮ್ಮ ಅತ್ತೆಗೆ ಲೆಕ್ಕ ಹೇಳುವುದಕ್ಕಿಂತ ಒಂದು ಮಾತು ಹೇಳಿ: ನಿಮಗೆ ಈಗ 24 ವಾರ, ಆ ಮೊದಲ ತಿಂಗಳುಗಳು ದಾಟಿವೆ.

ಇನ್ನು ಚೀಟಿ. ಹೊಸ ಔಷಧ, ಲಸಿಕೆಗಳ ಪರೀಕ್ಷೆಯಲ್ಲಿ ಬಸುರಿಯರನ್ನು ಮೊದಲಿಂದಲೂ ಸಾಮಾನ್ಯವಾಗಿ ಹೊರಗಿಡುತ್ತಾರೆ. ಲೈಸೆನ್ಸ್ ಸಿಗುವಾಗ ಕಂಪನಿಯ ಹತ್ತಿರ ಬಸುರಿಯರ ಮಾಹಿತಿ ಇರುವುದಿಲ್ಲ. ಹಾಗಾಗಿ ಚೀಟಿಯಲ್ಲಿ ಹಾಗೆ ಬರೆಯುತ್ತಾರೆ. ವರ್ಷಗಟ್ಟಲೆ ಬಸುರಿಯರು ಪಡೆದು ಮಾಹಿತಿ ಸೇರಿದ ಮೇಲೂ ಚೀಟಿ ಬದಲಾಗುವುದು ನಿಧಾನ. "ಪರೀಕ್ಷೆ ಆಗಿಲ್ಲ" ಅನ್ನೋದು ಬೇರೆ, "ಪರೀಕ್ಷೆ ಮಾಡಿದೆವು, ತೊಂದರೆ ಕಂಡಿತು" ಅನ್ನೋದು ಬೇರೆ. ಯಾವುದೇ ಲಸಿಕೆ ಬಗ್ಗೆ ಓದುವಾಗ ಇವೆರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆ ಅಂತ ನೋಡಿ. ಅರ್ಧ ಗೊಂದಲ ಅಲ್ಲೇ ಬಿಡಿಸಿಕೊಳ್ಳುತ್ತದೆ.

ಕೊರೊನಾ ಲಸಿಕೆಯ ಕತೆಯೂ ಅದೇ. 2021ರ ಜನವರಿಯಲ್ಲಿ ಬೇಡ ಅಂದದ್ದು ತೊಂದರೆ ಕಂಡಿತು ಅಂತಲ್ಲ, ಮಾಹಿತಿ ಇಲ್ಲ ಅಂತ. ಏಪ್ರಿಲ್ ಹೊತ್ತಿಗೆ ಅಮೆರಿಕದಲ್ಲಿ ಲಸಿಕೆ ಪಡೆದ 35 ಸಾವಿರಕ್ಕೂ ಹೆಚ್ಚು ಬಸುರಿಯರ ಮೊದಲ ವರದಿ ಬಂತು, ಗಾಬರಿಪಡುವಂಥದ್ದು ಕಾಣಲಿಲ್ಲ. ಅದೇ ಹೊತ್ತಿಗೆ ನಮ್ಮಲ್ಲಿ ಎರಡನೇ ಅಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಲೆಕ್ಕದಲ್ಲಿ ಸೋಂಕು ತಗುಲಿದ ಬಸುರಿ, ಬಾಣಂತಿಯರಲ್ಲಿ ಸಾವಿನ ಪ್ರಮಾಣ ಮೊದಲ ಅಲೆಯಲ್ಲಿ ಶೇ 0.7 ಇದ್ದದ್ದು ಎರಡನೆಯದರಲ್ಲಿ ಶೇ 5.7ಕ್ಕೆ ಏರಿತ್ತು. ಜುಲೈ 2ರಂದು ಕೇಂದ್ರ ಸರ್ಕಾರ ಬಸುರಿಯರಿಗೂ ಲಸಿಕೆ ಕೊಡಬಹುದು ಅಂತ ಹೇಳಿತು. ಆ ಎರಡು ತಿಂಗಳು ನಾನು ಕೆಲಸ ಮಾಡಿದ ವಾರ್ಡಿನಲ್ಲಿ ಕಂಡದ್ದನ್ನು ಇಲ್ಲಿ ಬರೆಯಲಾರೆ. ಜುಲೈ ಆದೇಶ ಇನ್ನೂ ಬೇಗ ಬರಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಪಾದರಸದ ಪ್ರಶ್ನೆ ಮತ್ತು ನಾಯಿಕೆಮ್ಮಿನದು ರಾತ್ರಿ ಬರೆಯುತ್ತೇನೆ.

ಕೇಳಿ ತಿಳಿ

2019ರದ್ದು ನನಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್ ಡಾಕ್ಟರೇ. ಉಳಿದದ್ದಕ್ಕೆ ಕಾಯುತ್ತೇನೆ.

ಸಾಗರದ ಅಜ್ಜಿ

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನನಗೆ ಎಪ್ಪತ್ತು ದಾಟಿದೆ. ನಮ್ಮ ಕಾಲದಲ್ಲಿ ಹೆರಿಗೆ ಮನೆಯಲ್ಲೇ. ಹೊಕ್ಕುಳಬಳ್ಳಿ ಕೊಯ್ಯುವುದು ಸೂಲಗಿತ್ತಿ, ಕೈಗೆ ಸಿಕ್ಕ ಕತ್ತಿಯಿಂದ. ಮೇಲೆ ಬೂದಿ ಹಚ್ಚುವವರೂ ಇದ್ದರು. ಚೆನ್ನಾಗಿ ಮೊಲೆ ಕುಡಿಯುತ್ತಿದ್ದ ಮಗು ನಾಲ್ಕಾರು ದಿನ ಆದ ಮೇಲೆ ಬಾಯಿ ತೆರೆಯುತ್ತಿರಲಿಲ್ಲ. ಮೈ ಬಿಗಿಯುತ್ತಿತ್ತು. ಮುಟ್ಟಿದರೆ ಬಿಲ್ಲಿನ ಹಾಗೆ ಬಾಗುತ್ತಿತ್ತು. ಗಾಳಿ ಸೋಕಿತು ಅಂತ ಮಂತ್ರ ಹಾಕಿಸುತ್ತಿದ್ದರು. ನನ್ನ ಅಕ್ಕನ ಒಂದು ಮಗು ಹಾಗೆ ಹೋಯಿತು. ಆಮೇಲೆ ನರ್ಸಮ್ಮ ಮನೆಮನೆಗೆ ಬಂದು ಟಿಟಿ ಚುಚ್ಚೋಕೆ ಶುರು ಮಾಡಿದಳು. ಆಗಲೂ ಜನ ಹೆದರಿ ಹಿತ್ತಲ ಬಾಗಿಲಿಂದ ಓಡುತ್ತಿದ್ದರು, ಮಕ್ಕಳಾಗದ ಹಾಗೆ ಮಾಡುವ ಸೂಜಿ ಅಂತ. ಆ ಸೂಜಿ ಹಾಕಿಸಿಕೊಂಡು ನಾನು ನಾಲ್ಕು ಹೆತ್ತೆ. ಈಗಿನ ಹುಡುಗಿಯರು ಆ ಕಾಯಿಲೆ ನೋಡಿಲ್ಲ. ನೋಡದೇ ಇರಲಿ.

ಪಿಎಚ್‌ಸಿ ಸಿಸ್ಟರ್, ಕೊಪ್ಪಳ ಜಿಲ್ಲೆ

ಅಜ್ಜೀ, ನಿಮ್ಮ ಮಾತು ನಮ್ಮ ಆಶಾ ಕಾರ್ಯಕರ್ತೆಯರಿಗೆಲ್ಲ ಓದಿ ಹೇಳುತ್ತೇನೆ. ಟ್ರೈನಿಂಗ್‌ನಲ್ಲಿ ನಮಗೆ ಹೇಳಿದ್ದು ನೆನಪಿದೆ. 1988ರಲ್ಲಿ ಪ್ರಪಂಚದಲ್ಲಿ 7,87,000 ಹಸುಗೂಸುಗಳು ಧನುರ್ವಾಯುವಿನಿಂದ ಸತ್ತಿದ್ದವು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಾಯಿ ಮತ್ತು ಹಸುಗೂಸಿನ ಧನುರ್ವಾಯು ನಿರ್ಮೂಲನೆ ಆಗಿದೆ ಅಂತ ಭಾರತಕ್ಕೆ 2015ರಲ್ಲಿ ಮಾನ್ಯತೆ ಸಿಕ್ಕಿತು. ಆಸ್ಪತ್ರೆ ಹೆರಿಗೆ, ಸ್ವಚ್ಛ ಬ್ಲೇಡು, ಈ ಇಂಜೆಕ್ಷನ್, ಮೂರೂ ಸೇರಿ ಆದದ್ದು. ಆದರೆ ಈ ರೋಗಾಣು ಮಣ್ಣಿನಲ್ಲೇ ಇರುತ್ತದೆ, ಎಲ್ಲಿಗೂ ಹೋಗಿಲ್ಲ. ಅದಕ್ಕೇ ಟಿಡಿ ನಿಲ್ಲಿಸೋ ಹಾಗಿಲ್ಲ.

ಕಲಬುರಗಿಯಿಂದ

ಕ್ಷಮಿಸಿ, ನಡುವೆ ಬರುತ್ತಿದ್ದೇನೆ, ಅರ್ಜೆಂಟ್ ಇದೆ. ನನ್ನ ತಂಗಿಗೆ ಮೂರನೇ ತಿಂಗಳು. ಬೆಳಿಗ್ಗೆ ಬೀದಿ ನಾಯಿ ಕಾಲಿಗೆ ಕಚ್ಚಿ ರಕ್ತ ಬಂದಿದೆ. ಬಸುರಿಗೆ ರೇಬೀಸ್ ಇಂಜೆಕ್ಷನ್ ಹಾಕಿಸಬಾರದು, ಹೆರಿಗೆ ಆಗಲಿ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಿದ್ದಾರೆ. ಅರಿಶಿನ ಹಚ್ಚಿದ್ದಾರೆ. ಏನು ಮಾಡಲಿ?

ಹೆರಿಗೆ ಡಾಕ್ಟರ್, ಮೈಸೂರು

ಈಗಲೇ ಹೊರಡಿ. ಇದರಲ್ಲಿ ತೂಗಿ ನೋಡೋಕೆ ಏನೂ ಇಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ತಾಯಿ ಹೋದರೆ ಮಗುವೂ ಹೋಗುತ್ತದೆ. ಬಸಿರು ಯಾವ ತಿಂಗಳೇ ಇರಲಿ, ರೇಬೀಸ್ ಲಸಿಕೆ ಕೊಡಲೇಬೇಕು. ಅದು ಸತ್ತ ವೈರಸ್ಸಿನ ಲಸಿಕೆ.

ಮೊದಲು ಅರಿಶಿನ ತೊಳೆದು, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಮೇಲೆ ಏನೂ ಕಟ್ಟಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ ಬಸುರಿ ಅಂತಲೂ, ರಕ್ತ ಬಂದಿದೆ ಅಂತಲೂ ಹೇಳಿ. ರಕ್ತ ಬಂದ ಕಡಿತಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕು. ಅದನ್ನೂ ಬಸುರಿಗೆ ಕೊಡಬಹುದು. ಅಲ್ಲಿ ಇಲ್ಲ ಅಂದರೆ ಎಲ್ಲಿ ಸಿಗುತ್ತದೆ ಅಂತ ಬರೆಸಿಕೊಂಡು ಅಲ್ಲಿಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ಒಂದನ್ನೂ ತಪ್ಪಿಸಬೇಡಿ.

ಕಲಬುರಗಿಯಿಂದ

ತೊಳೆದೆವು. ಆಟೋದಲ್ಲಿದ್ದೇವೆ.

ಕೊವೆಂಟ್ರಿ ಕನ್ನಡತಿ

ಇಂಗ್ಲೆಂಡಿನಲ್ಲಿದ್ದೇನೆ, ಇಲ್ಲಿನ ಅನುಭವ ನಾಯಿಕೆಮ್ಮಿನ ಪ್ರಶ್ನೆಗೆ ಉಪಯೋಗ ಆಗಬಹುದು. 2012ರಲ್ಲಿ ಇಲ್ಲಿ ನಾಯಿಕೆಮ್ಮು ಜೋರಾಗಿ ಹರಡಿ 14 ಹಸುಗೂಸುಗಳು ತೀರಿಕೊಂಡವು. ಎಲ್ಲವೂ ಲಸಿಕೆ ಪಡೆಯುವ ವಯಸ್ಸಿಗಿಂತ ಮುಂಚಿನವು. ಆ ವರ್ಷದ ಅಕ್ಟೋಬರಿನಿಂದ ಬಸುರಿಯರಿಗೇ ಲಸಿಕೆ ಕೊಡೋಕೆ ಶುರು ಮಾಡಿದರು. ಎರಡು ವರ್ಷ ಬಿಟ್ಟು ಲೆಕ್ಕ ಹಾಕಿದಾಗ, ತಾಯಂದಿರು ಪಡೆದ ಲಸಿಕೆ ಎಳೆಗೂಸುಗಳನ್ನು ಸುಮಾರು ಶೇ 90ರಷ್ಟು ಕಾಪಾಡುತ್ತಿದೆ ಅಂತ ಗೊತ್ತಾಯಿತು. ಸುರಕ್ಷತೆಯನ್ನೂ ನೋಡಿದರು. ಸುಮಾರು 20 ಸಾವಿರ ಬಸುರಿಯರ ದಾಖಲೆ ಪರಿಶೀಲಿಸಿದರು, ಮಗು ಹೊಟ್ಟೆಯಲ್ಲೇ ಸಾಯುವುದು ಹೆಚ್ಚಾದದ್ದು ಕಾಣಲಿಲ್ಲ. ಈಗ 16ನೇ ವಾರದಿಂದಲೇ ಕೊಡುತ್ತಾರೆ, ಫ್ರೀ.

ನಡುವೆ ಹಾಕಿಸಿಕೊಳ್ಳುವ ಬಸುರಿಯರು ಕಮ್ಮಿಯಾದರು. 2024ರಲ್ಲಿ ನಾಯಿಕೆಮ್ಮು ಮತ್ತೆ ಎದ್ದಿತು, ಮತ್ತೆ ಎಳೆಗೂಸುಗಳು ಸತ್ತವು. ನನ್ನ ಮಿಡ್‌ವೈಫ್ ಆ ವರ್ಷ ಇದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಹೆರಿಗೆ ಡಾಕ್ಟರ್, ಮೈಸೂರು

ಕೊವೆಂಟ್ರಿಯವರು ಹೇಳಿದ ಮೇಲೆ ನನಗೆ ಬರೆಯುವುದು ಸುಲಭವಾಯಿತು. ನಮ್ಮಲ್ಲಿ ಮಗುವಿಗೆ ನಾಯಿಕೆಮ್ಮಿನ ಮೊದಲ ಲಸಿಕೆ ಸಿಗುವುದು ಆರು ವಾರಕ್ಕೆ, ಐದು ಕಾಯಿಲೆಗೆ ಸೇರಿಸಿ ಕೊಡುವ ಪೆಂಟಾವೇಲೆಂಟ್‌ನಲ್ಲಿ. ಆಮೇಲೆ 10, 14 ವಾರಕ್ಕೆ. ಹುಟ್ಟಿದ ದಿನದಿಂದ ಅಲ್ಲಿಯವರೆಗೆ ಮಗುವಿಗೆ ಸ್ವಂತ ರಕ್ಷಣೆ ಇಲ್ಲ. ಸಾಯುವ ಮಕ್ಕಳು ಹೆಚ್ಚಾಗಿ ಆ ಅವಧಿಯವೇ. ಎಳೆಗೂಸು ದೊಡ್ಡವರ ಹಾಗೆ ಕೆಮ್ಮುವುದೂ ಇಲ್ಲ, ಸುಮ್ನೆ ಉಸಿರು ನಿಲ್ಲಿಸಿ ನೀಲಿಯಾಗುತ್ತದೆ. ಕಾಯಿಲೆ ಬರುವುದು ಹೆಚ್ಚಾಗಿ ಮನೆಯವರಿಂದಲೇ.

ಬಸುರಿಗೆ ಟಿಡ್ಯಾಪ್ ಕೊಟ್ಟರೆ ಎರಡು ವಾರದಲ್ಲಿ ಅವಳ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ತಡೆಯುವ ಅಂಶಗಳು, ಏರುತ್ತವೆ. ಕೊನೆಯ ಮೂರು ತಿಂಗಳಲ್ಲಿ ಅವು ಮಾಸಿನ ಮೂಲಕ ಮಗುವಿಗೆ ಚೆನ್ನಾಗಿ ಇಳಿಯುತ್ತವೆ. 27ರಿಂದ 36 ವಾರ ಅನ್ನುವುದು ಇದಕ್ಕೇ. ತಾಯಿಯ ಪ್ರತಿಕಾಯ ಬೇಗ ಇಳಿದುಹೋಗುವುದರಿಂದ ಪ್ರತಿ ಬಸಿರಿನಲ್ಲೂ ಬೇಕು. ನಮ್ಮ ಪ್ರಸೂತಿ ತಜ್ಞರ ಸಂಘ ಫಾಗ್ಸಿಯೂ ಟಿಡ್ಯಾಪ್ ಮತ್ತು ಫ್ಲೂ ಎರಡನ್ನೂ ಹೇಳುತ್ತದೆ. ಟಿಡಿ ಎರಡೂ ಆಗಿದ್ದರೂ ಟಿಡ್ಯಾಪ್ ಹಾಕಿಸಿಕೊಳ್ಳಬಹುದು, ತೋಳು ನೋವು ಸ್ವಲ್ಪ ಜಾಸ್ತಿ ಆಗಬಹುದು. ಮೊದಲೇ ಗೊತ್ತಿದ್ದರೆ ಎರಡನೇ ಟಿಡಿಯ ಜಾಗದಲ್ಲೇ ಇದನ್ನು ಕೊಡುತ್ತಾರೆ.

ಫ್ಲೂ ಲಸಿಕೆ ಯಾವ ತಿಂಗಳಲ್ಲಾದರೂ ಆಗುತ್ತದೆ. ಮೂಗಿಗೆ ಬಿಡುವ ಜೀವಂತ ಲಸಿಕೆ ಬಸುರಿಗೆ ಬೇಡ, ಇಂಜೆಕ್ಷನ್‌ನದ್ದೇ ಬೇಕು. ಬಸುರಿಯರಿಗೆ ಫ್ಲೂ ಬಂದರೆ ನ್ಯುಮೋನಿಯಾ, ಐಸಿಯು ಸಾಧ್ಯತೆ ಜಾಸ್ತಿ. 2009ರ ಎಚ್1ಎನ್1 ಅದನ್ನು ಎಲ್ಲ ದೇಶಗಳಲ್ಲೂ ತೋರಿಸಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫ್ಲೂ ಲಸಿಕೆಗೆ ಬಸುರಿಯರಿಗೇ ಮೊದಲ ಆದ್ಯತೆ ಅಂದಿತು. ಆರು ತಿಂಗಳೊಳಗಿನ ಮಗುವಿಗೆ ಫ್ಲೂ ಲಸಿಕೆ ಕೊಡುವ ಹಾಗೇ ಇಲ್ಲ. ತಾಯಿಯಿಂದ ಬಂದದ್ದೇ ಅದಕ್ಕೆ ಆಸರೆ. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಜಾಸ್ತಿ, ಮಲೆನಾಡಿನ ಬಾಣಂತನ ಅಂದರೆ ನಾನಂತೂ ಬಿಡಿ ಅನ್ನಲ್ಲ.

ಪಾದರಸ: ಹತ್ತು ಡೋಸಿನ ಬಾಟಲಿಯಲ್ಲಿ ಸೂಜಿ ಮತ್ತೆ ಮತ್ತೆ ಚುಚ್ಚುವುದರಿಂದ ಕೀಟಾಣು ಬೆಳೆಯದಿರಲಿ ಅಂತ ಥಿಯೋಮರ್ಸಾಲ್ ತುಸು ಹಾಕುತ್ತಾರೆ. ಅದರಿಂದ ಬರುವುದು ಈಥೈಲ್ ಪಾದರಸ. ಮೀನಿನಲ್ಲಿ ಸೇರಿ ದೇಹದಲ್ಲಿ ಉಳಿಯುವ ಮೀಥೈಲ್ ಪಾದರಸ ಬೇರೆ. ಈಥೈಲ್ ಬೇಗ ಹೊರಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಸಮಿತಿ ಇದನ್ನು ಮತ್ತೆ ಮತ್ತೆ ಪರಿಶೀಲಿಸಿ ಹಾನಿ ಕಂಡಿಲ್ಲ ಅಂದಿದೆ. ಆದರೂ ಮನಸ್ಸು ಒಪ್ಪದಿದ್ದರೆ, ಪ್ರೈವೇಟ್‌ನಲ್ಲಿ ಸಿಗುವ ಒಂದೇ ಡೋಸಿನ ಸಿರಿಂಜಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಡಬ್ಬದ ಮೇಲೆ ಓದಿ ನೋಡಿ. ಟಿಡಿಯನ್ನೇ ಬಿಟ್ಟು ಕೂರಬೇಡಿ.

ಡಾಲಸ್ ಕನ್ನಡತಿ

ಇಲ್ಲಿ ಗೊಂದಲ ಇನ್ನೂ ಮೇಲಿಂದಲೇ ಬರುತ್ತಿದೆ. 2025ರ ಮೇ 27ರಂದು ಅಮೆರಿಕದ ಆರೋಗ್ಯ ಕಾರ್ಯದರ್ಶಿ ರಾಬರ್ಟ್ ಕೆನಡಿ ಅವರು ಆರೋಗ್ಯವಂತ ಬಸುರಿಯರಿಗೆ ಕೊರೊನಾ ಲಸಿಕೆಯ ಶಿಫಾರಸನ್ನು ತೆಗೆದುಹಾಕಿದರು. ಇಲ್ಲಿನ ಪ್ರಸೂತಿ ವೈದ್ಯರ ಸಂಘ ಎಸಿಒಜಿ ಅದನ್ನು ಒಪ್ಪಲಿಲ್ಲ, ಹಾಕಿಸಿಕೊಳ್ಳಿ ಅಂತಲೇ ಹೇಳುತ್ತಿದೆ. ನಾನು ಆಗ ಐದು ತಿಂಗಳ ಬಸುರಿ. ಸರ್ಕಾರ ಒಂದು, ಡಾಕ್ಟರ್ ಒಂದು. ಕೊನೆಗೆ ನನ್ನ ಡಾಕ್ಟರನ್ನೇ ಕೇಳಿದೆ, ಹೊಸದಾಗಿ ಏನಾದರೂ ಅಪಾಯ ಕಂಡುಬಂತಾ ಅಂತ. ಅಂಥ ಹೊಸ ಮಾಹಿತಿ ಏನೂ ಬಂದಿಲ್ಲ ಅಂದರು. ಹಾಕಿಸಿಕೊಂಡೆ.

ಕೇಳಿ ತಿಳಿ

ಡಾಕ್ಟರೇ, ಇನ್ನೊಂದು ಕೇಳಲಾ? ಯಾವ ಲಸಿಕೆಯಲ್ಲೂ ತೊಂದರೆ ಕಂಡೇ ಇಲ್ಲ ಅಂತ ಹೇಳಿದರೆ ನನಗೆ ನಂಬಿಕೆ ಕಮ್ಮಿಯಾಗುತ್ತದೆ. ಬಸುರಿಯರಲ್ಲಿ ತೊಂದರೆ ಕಂಡು ನಿಲ್ಲಿಸಿದ್ದು ಒಂದಾದರೂ ಇದೆಯಾ?

ಹೆರಿಗೆ ಡಾಕ್ಟರ್, ಮೈಸೂರು

ಇದೆ. ಆರ್‌ಎಸ್‌ವಿ ಅನ್ನೋ ವೈರಸ್ ಎಳೆಗೂಸುಗಳ ಶ್ವಾಸಕೋಶಕ್ಕೆ ತಗುಲುತ್ತದೆ. ಜಿಎಸ್‌ಕೆ ಕಂಪನಿ ಬಸುರಿಯರಿಗಾಗಿಯೇ ಅದಕ್ಕೊಂದು ಲಸಿಕೆ ಪರೀಕ್ಷಿಸುತ್ತಿತ್ತು. ಲಸಿಕೆ ಪಡೆದವರಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳು ಶೇ 6.8, ಪಡೆಯದವರಲ್ಲಿ ಶೇ 4.9. 2022ರಲ್ಲಿ ಪರೀಕ್ಷೆಯನ್ನು ನಿಲ್ಲಿಸಿದರು. ಆ ಲಸಿಕೆ ಬಸುರಿಯರಿಗೆ ಬರಲೇ ಇಲ್ಲ. ಫೈಝರ್‌ನದ್ದು ಬೇರೆ ಲಸಿಕೆ. ಅದರಲ್ಲಿ ವ್ಯತ್ಯಾಸ ತೀರಾ ಸಣ್ಣದು, ಅದೇ ಕಾರಣ ಅಂತ ಹೇಳುವಷ್ಟೂ ಇರಲಿಲ್ಲ. ಆದರೂ 2023ರಲ್ಲಿ ಅಮೆರಿಕದವರು ಒಪ್ಪಿಗೆ ಕೊಡುವಾಗ 32ರಿಂದ 36 ವಾರದವರಿಗೆ ಮಾತ್ರ ಅಂತ ಗೆರೆ ಎಳೆದರು.

ಬಸುರಿಗೆ ಕೊಡಬಾರದ ಲಸಿಕೆಗಳ ಪಟ್ಟಿಯೂ ಇದೆ. ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂಎಂಆರ್, ಸಿತಾಳೆ ಸಿಡುಬಿನ ವ್ಯಾರಿಸೆಲ್ಲಾ, ಇಂಥ ಜೀವಂತ ವೈರಸ್ಸಿನವು. "ಬಸಿರಲ್ಲಿ ಎಲ್ಲ ಲಸಿಕೆಯೂ ಸೇಫ್" ಅಂತ ಯಾರಾದರೂ ಹೇಳಿದರೆ ಅದೂ ತಪ್ಪೇ.

ಕೇಳಿ ತಿಳಿ

ಈ ಉತ್ತರಕ್ಕೇ ಕಾಯುತ್ತಿದ್ದೆ. ನಿಲ್ಲಿಸಿದ್ದೂ ಇದೆ ಅಂತ ಗೊತ್ತಾದ ಮೇಲೆ ಉಳಿದದ್ದರ ಮೇಲೆ ನಂಬಿಕೆ ಬರುತ್ತದೆ.

ಹೊಸ ಹೆಜ್ಜೆ

ಹಾಗಾದರೆ ನನ್ನದೊಂದು. ಎಂಎಂಆರ್ ಹಾಕಿಸಿಕೊಂಡೆ, ಎರಡು ವಾರಕ್ಕೆ ಬಸಿರು ಅಂತ ಗೊತ್ತಾಯಿತು. ಒಂದು ಕ್ಲಿನಿಕ್ಕಿನಲ್ಲಿ ತೆಗೆಸಿಬಿಡಿ ಅಂದರು. ರಾತ್ರಿಯೆಲ್ಲ ಅತ್ತಿದ್ದೇನೆ.

ಹೆರಿಗೆ ಡಾಕ್ಟರ್, ಮೈಸೂರು

ಅಮ್ಮಾ, ಅದಕ್ಕಾಗಿ ತೆಗೆಸಬೇಕಿಲ್ಲ. ಈ ಲಸಿಕೆ ಆದ ಮೇಲೆ ನಾಲ್ಕು ವಾರ ಬಸಿರಾಗಬೇಡಿ ಅನ್ನುವುದು ಮುಂಜಾಗ್ರತೆ. ನಿಮ್ಮ ಹಾಗೆ ಗೊತ್ತಿಲ್ಲದೆ ಹಾಕಿಸಿಕೊಂಡ ಸಾವಿರಾರು ಹೆಂಗಸರನ್ನು ಬೇರೆ ಬೇರೆ ದೇಶಗಳಲ್ಲಿ ಗಮನಿಸಿದ್ದಾರೆ. ಲಸಿಕೆಯಿಂದ ಮಗುವಿಗೆ ರುಬೆಲ್ಲಾ ತೊಂದರೆ ಆದದ್ದು ಕಂಡಿಲ್ಲ. ಇದೊಂದೇ ಕಾರಣಕ್ಕೆ ಗರ್ಭಪಾತ ಮಾಡಿಸಬಾರದು ಅಂತಲೇ ಎಲ್ಲ ಮಾರ್ಗಸೂಚಿಗಳೂ ಹೇಳುತ್ತವೆ. ಪ್ರಸೂತಿ ತಜ್ಞರನ್ನು ಕಾಣಿ, ಲಸಿಕೆಯ ತಾರೀಕು ಹೇಳಿ, ಸ್ಕ್ಯಾನುಗಳನ್ನು ಸಮಯಕ್ಕೆ ಮಾಡಿಸಿ.

ಭಯ ಇರಬೇಕಾದ್ದು ಕಾಯಿಲೆಯ ಬಗ್ಗೆ. ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯ ಕೆಡುತ್ತದೆ. ಇದನ್ನು ಮೊದಲು ಗುರುತಿಸಿದ್ದು ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್, 1941ರಲ್ಲಿ.

ಹುಬ್ಬಳ್ಳಿ ಅಕ್ಕ

2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಹಾಕಿದ ಎಂಆರ್ ಇಂಜೆಕ್ಷನ್ ಇದೇ ರುಬೆಲ್ಲಾದ್ದು ಅಲ್ವಾ? ಒಂಬತ್ತು ತಿಂಗಳಿಂದ 15 ವರ್ಷದ ಮಕ್ಕಳಿಗೆಲ್ಲ. ಆಗಲೂ ವಾಟ್ಸಾಪಿನಲ್ಲಿ ಏನೇನೋ ಬಂದು ಎಷ್ಟೋ ಜನ ಮಕ್ಕಳನ್ನು ಆ ದಿನ ಶಾಲೆಗೇ ಕಳಿಸಲಿಲ್ಲ. ನನ್ನ ಮಗಳು ಹಾಕಿಸಿಕೊಂಡಿದ್ದಳು. ಅವಳ ಗೆಳತಿಯರಲ್ಲಿ ಕೆಲವರಿಗೆ ಈಗ ಮದುವೆಯಾಗಿದೆ. ಮದುವೆಗೆ ಮುಂಚೆಯೇ ಇದೊಂದು ವಿಚಾರಿಸಿ ಅಂತ ಹೆಣ್ಣುಮಕ್ಕಳ ತಾಯಂದಿರಿಗೆ ಹೇಳುತ್ತೇನೆ.

ಹೊಸ ಹೆಜ್ಜೆ

ಡಾಕ್ಟರಮ್ಮ, ನಿಮ್ಮ ಉತ್ತರವನ್ನು ನಮ್ಮ ಮನೆಯವರಿಗೆ ಓದಿದೆ. ನಾಳೆ ಬೇರೆ ಆಸ್ಪತ್ರೆಗೆ ಹೋಗುತ್ತಿದ್ದೇವೆ.

ಕಲಬುರಗಿಯಿಂದ

ತಂಗಿಗೆ ಲಸಿಕೆ, ಇಮ್ಯುನೋಗ್ಲಾಬ್ಯುಲಿನ್ ಎರಡೂ ಆಯಿತು. ಮುಂದಿನ ತಾರೀಕುಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಹಿರಿಯರು ಇನ್ನೂ ಮಾತಾಡುತ್ತಿಲ್ಲ. ಪರವಾಗಿಲ್ಲ.

ತುಂಗೆಯ ಮಗಳು

ಎಲ್ಲವನ್ನೂ ಓದಿದೆ, ಕೆಲವನ್ನು ಅತ್ತೆಗೂ ಓದಿದೆ. ಸಾಗರದ ಅಜ್ಜಿಯ ಮಾತು ಬಂದಾಗ ಅತ್ತೆ ಸುಮ್ಮನಾದರು. ಅವರ ತಮ್ಮನೂ ಹಾಗೇ ಎಳೆಯದರಲ್ಲೇ ಹೋಗಿದ್ದನಂತೆ, ನಮಗೆ ಯಾರಿಗೂ ಹೇಳಿರಲಿಲ್ಲ. ಫ್ಲೂ ಇಂಜೆಕ್ಷನ್ ಶನಿವಾರ ಹಾಕಿಸಿಕೊಳ್ಳುತ್ತೇನೆ. ಟಿಡ್ಯಾಪ್‌ಗೂ ಮನಸ್ಸು ಮಾಡಿದ್ದೇನೆ. ಅತ್ತೆ ಪೂರ್ತಿ ಒಪ್ಪಿಲ್ಲ, ಜೊತೆಗೆ ಬರುತ್ತೇನೆ ಅಂದಿದ್ದಾರೆ. ಪ್ರೈವೇಟ್‌ನಲ್ಲಿ ಹಾಕಿಸಿದ್ದನ್ನು ತಾಯಿ ಕಾರ್ಡಿನಲ್ಲಿ ಬರೆಸಬಹುದಾ?

ಪಿಎಚ್‌ಸಿ ಸಿಸ್ಟರ್, ಕೊಪ್ಪಳ ಜಿಲ್ಲೆ

ಬರೆಸಲೇಬೇಕು. ಲಸಿಕೆಯ ಹೆಸರು, ಬ್ಯಾಚ್ ನಂಬರ್, ತಾರೀಕು. ಇಲ್ಲದಿದ್ದರೆ ತವರಿನ ಆಸ್ಪತ್ರೆಯಲ್ಲಿ ಗೊತ್ತಾಗುವುದಿಲ್ಲ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಮೊದಲು ಯಾವುದಾದರೂ ಇಂಜೆಕ್ಷನ್‌ಗೆ ಮೈಯೆಲ್ಲ ದದ್ದು, ಉಸಿರುಕಟ್ಟು ಆಗಿದ್ದರೆ ಹಾಕುವ ಮುಂಚೆಯೇ ಹೇಳಿ. ಆವತ್ತು ಜ್ವರ ಇದ್ದರೆ ಅದನ್ನೂ ಹೇಳಿ. ಆಮೇಲೆ ಏನೇ ತೊಂದರೆ ಅನಿಸಿದರೂ ನಿಮ್ಮ ಆಶಾಗೆ ತಿಳಿಸಿ, ನಾವು ಅದನ್ನು ರಿಪೋರ್ಟ್ ಮಾಡಬೇಕಾಗುತ್ತದೆ.

ಹಾಸನದ ಬಾಣಂತಿ

ನನಗೆ ಹೆರಿಗೆಯಾಗಿ ಮೂರು ವಾರ. ಟಿಡ್ಯಾಪ್ ಬಗ್ಗೆ ಯಾರೂ ಹೇಳಲೇ ಇಲ್ಲ. ಈಗ ಹಾಕಿಸಿಕೊಂಡರೆ ಪ್ರಯೋಜನ ಇದೆಯಾ? ಹಾಲು ಕುಡಿಸುತ್ತಿದ್ದೇನೆ.

ಹೆರಿಗೆ ಡಾಕ್ಟರ್, ಮೈಸೂರು

ಹಾಲು ಕುಡಿಸುವವರು ಟಿಡ್ಯಾಪ್, ಫ್ಲೂ ಎರಡನ್ನೂ ಹಾಕಿಸಿಕೊಳ್ಳಬಹುದು. ಹೊಟ್ಟೆಯಲ್ಲಿದ್ದಾಗ ಮಗುವಿಗೆ ಸಿಗುತ್ತಿದ್ದಷ್ಟು ರಕ್ಷಣೆ ಈಗ ಸಿಗುವುದಿಲ್ಲ, ಆದರೆ ನಿಮ್ಮಿಂದ ಮಗುವಿಗೆ ಕಾಯಿಲೆ ದಾಟುವ ಸಾಧ್ಯತೆ ಕಮ್ಮಿಯಾಗುತ್ತದೆ. ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುವ ಅಜ್ಜಿ, ತಾತ, ಅಪ್ಪ ಕೂಡ ಹಾಕಿಸಿಕೊಳ್ಳಬಹುದು. ಕೆಮ್ಮು ಇದ್ದವರು ಯಾರೇ ಆಗಲಿ, ಮಗು ನೋಡೋಕೆ ಬರುವುದು ಬೇಡ ಅಂತ ನೇರವಾಗಿ ಹೇಳಿ. ಮತ್ತೆ ಆರು ವಾರದ ಪೆಂಟಾವೇಲೆಂಟ್ ತಡ ಮಾಡಬೇಡಿ. ಬಾಣಂತನ ಮುಗಿಯಲಿ, ಮೂರು ತಿಂಗಳು ತುಂಬಲಿ ಅಂತ ಎಷ್ಟೋ ಮನೆಯಲ್ಲಿ ಮುಂದೂಡುತ್ತಾರೆ. ಆರು ವಾರ ತುಂಬಿದ ಮೇಲೆ ಬರುವ ಮೊದಲ ಲಸಿಕೆ ದಿನವೇ, ನಿಮ್ಮ ಅಂಗನವಾಡಿಯಲ್ಲಿ ಹಾಕಿಸಿ.